ನವೋದಯ ಪರೀಕ್ಷೆ: ಮಗ್ಗಿ ಬಂದರೆ ಸಾಲದು, ಗೋಲ ತುಂಬಲೂ ಬರಬೇಕು

ನನ್ನ ತಂಗಿಯ ಮಗ ಐದನೇ ಕ್ಲಾಸಿನಲ್ಲಿದ್ದಾಗ ಇಪ್ಪತ್ತರ ತನಕ ಮಗ್ಗಿ ಪಟಪಟ ಹೇಳುತ್ತಿದ್ದ. ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ ಪ್ರವೇಶ ಪರೀಕ್ಷೆ ಬರೆದು ಹೊರಗೆ ಬಂದವನನ್ನು ನೋಡಿ ಎಲ್ಲ ಸಲೀಸಾಗಿ ಆಗಿದೆ ಅಂದುಕೊಂಡೆವು. ಆಳಂದದಿಂದ ಹೊರಟ ಬಸ್ಸು ಅರ್ಧ ದಾರಿಗೆ ಬಂದಾಗ ಮೆತ್ತಗೆ ಹೇಳಿದ: ‘ಮಾಮಾ, ಹದಿನೇಳನೇದು ಬರ್ಲಿಲ್ಲ, ಬಿಟ್ಟೆ. ಆದ್ರ ಹದಿನೆಂಟನೇದರ ಉತ್ತರ ಹದಿನೇಳರಾಗೇ ತುಂಬೀನಿ.’ ಉತ್ತರದ ಹಾಳೆಯಲ್ಲಿ ಅಲ್ಲಿಂದ ಮುಂದಿನದೆಲ್ಲ ಒಂದೊಂದು ಸಾಲು ಮೇಲೆ ಹೋಗಿತ್ತು. ಅಳಿಸುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ಮುಂದಿನ ವರ್ಷ ನೋಡೋಣ ಅನ್ನುವಂತೆಯೂ ಇಲ್ಲ, ಆರನೇ ಕ್ಲಾಸಿಗೆ ಸೇರುವ ಈ ಪರೀಕ್ಷೆಯನ್ನು ಒಂದು ಮಗು ಬರೆಯುವುದು ಒಂದೇ ಸಲ.

ಅಂದಿನಿಂದ ಊರಿನ ಮಕ್ಕಳನ್ನು ಶನಿವಾರ ಮಧ್ಯಾಹ್ನ ಜೊತೆಗೆ ಕೂರಿಸಿಕೊಳ್ಳುತ್ತೇನೆ. ಪ್ರತಿ ವರ್ಷ ತಪ್ಪುಗಳು ಹೆಚ್ಚುಕಡಿಮೆ ಅವೇ.

ಮೊದಲು ಅರ್ಜಿ. ಆನ್‌ಲೈನ್‌ನಲ್ಲಿ ಹಾಕಬೇಕು, ಶುಲ್ಕ ಇಲ್ಲ. ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಇರುವ ಹಾಗೇ ಇರಲಿ. ಭಾಷೆ ಅಂತ ಕೇಳಿದ ಕಡೆ ಮಗು ಓದುವ ಭಾಷೆಯನ್ನೇ ಹಾಕಿ. ಕನ್ನಡ ಶಾಲೆಯ ಮಗುವಿಗೆ ಜಂಬಕ್ಕೆ ಇಂಗ್ಲಿಷ್ ಹಾಕಿಸಿದವರನ್ನು ನೋಡಿದ್ದೇನೆ. ಇನ್ನೊಂದು, ಕೋಚಿಂಗ್ ಆಸೆಗೆ ಹಳ್ಳಿ ಶಾಲೆಯಿಂದ ಬಿಡಿಸಿ ಕಲಬುರಗಿಗೋ ಬೀದರ್‌ಗೋ ತಂದು ಸೇರಿಸಬೇಡಿ. ಒಂದು ನವೋದಯದಲ್ಲಿ ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕನಿಷ್ಠ ಶೇ 75 ಹಳ್ಳಿ ಮಕ್ಕಳಿಗೆ. ಆ ಪಾಲು ಸಿಗಲು 3, 4, 5ನೇ ಕ್ಲಾಸು ಮೂರನ್ನೂ ಹಳ್ಳಿಯಲ್ಲೇ ಓದಿರಬೇಕು. ಐದನೇ ಕ್ಲಾಸಿಗೆ ಪಟ್ಟಣಕ್ಕೆ ತಂದಿರೋ, ಮಗು ಪಟ್ಟಣದ ಲೆಕ್ಕಕ್ಕೆ ಹೋಯಿತು. ದುಡ್ಡು ಕೊಟ್ಟು ಸೀಟು ಕಳೆದುಕೊಂಡ ಹಾಗೆ, ಅಲ್ವಾ?

ಈಗ ಪತ್ರಿಕೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಒಂದೊಂದಕ್ಕೆ 1.25 ಅಂಕ. ಚಿತ್ರಗಳ ಬುದ್ಧಿಶಕ್ತಿ ಭಾಗದಲ್ಲಿ 40 ಪ್ರಶ್ನೆ, 50 ಅಂಕ. ಗಣಿತಕ್ಕೆ 25 ಅಂಕ, ಭಾಷೆಗೆ 25 ಅಂಕ. ನಾವು ಮಾಡುವುದೇನು? ವರ್ಷವಿಡೀ ಲೆಕ್ಕ, ಲೆಕ್ಕ, ಲೆಕ್ಕ. ಅರ್ಧ ಅಂಕದ ಚಿತ್ರಗಳಿಗೆ ಕೊನೆಯ ಹದಿನೈದು ದಿನ. ಮೂರೂ ಭಾಗದಲ್ಲಿ ಬೇರೆಬೇರೆಯಾಗಿ ಪಾಸಾಗಬೇಕು ಅನ್ನುವುದೂ ತುಂಬ ಜನರಿಗೆ ಗೊತ್ತಿಲ್ಲ.

ಚಿತ್ರಗಳನ್ನು ಪುಸ್ತಕದಿಂದ ಕಲಿಸಬೇಡಿ, ಕೈಯಿಂದ ಕಲಿಸಿ. ಕನ್ನಡಿ ಬಿಂಬದ ಪ್ರಶ್ನೆಗೆ ಗೋಡೆಯ ಮೇಲಿನ ಸಣ್ಣ ಕನ್ನಡಿ ಇಳಿಸಿ, ಚಿತ್ರದ ಪಕ್ಕದ ಗೆರೆಯ ಮೇಲೆ ನಿಲ್ಲಿಸಿ ತೋರಿಸಿ. ಕಾಗದ ಮಡಚಿ ತೂತು ಹಾಕುವ ಪ್ರಶ್ನೆಗೆ ಹಳೆಯ ಪೇಪರು ಸಾಕು. ಎರಡು ಸಲ ಮಡಚಿ, ಒಂದು ತೂತು ಹಾಕಿ. ಬಿಡಿಸುವ ಮೊದಲು ಎಷ್ಟು ತೂತು, ಎಲ್ಲೆಲ್ಲಿ ಅಂತ ಮಗುವೇ ಹೇಳಬೇಕು. ದಪ್ಪ ಗೈಡುಗಳಲ್ಲಿ ಚಿತ್ರ ಎಷ್ಟು ಮಸುಕಾಗಿರುತ್ತವೆ ಅಂದರೆ ಗೆರೆ ಯಾವುದು, ಶಾಯಿ ಕಲೆ ಯಾವುದು ಅಂತ ನನಗೇ ತಿಳಿಯುವುದಿಲ್ಲ. ಉತ್ತರವೂ ಕೆಲವು ಕಡೆ ತಪ್ಪು. ವಾಟ್ಸಾಪ್‌ನಲ್ಲಿ ಬರುವ ‘ಗ್ಯಾರಂಟಿ ಪ್ರಶ್ನೆ’ಗಳನ್ನು ಸುಮ್ನೆ ಅಳಿಸಿಬಿಡಿ.

ಗಣಿತಕ್ಕೆ ಲಸಾಅ, ಮಸಾಅ, ಭಿನ್ನರಾಶಿ, ಲಾಭ–ನಷ್ಟ. ದಿನಕ್ಕೆ ಐದು ಲೆಕ್ಕ ಸಾಕು. ಭಾಷೆಗೆ ನಾಲ್ಕು ಪ್ಯಾರಾ, ಒಂದೊಂದಕ್ಕೆ ಐದು ಪ್ರಶ್ನೆ. ಪೇಪರಿನ ಒಂದು ಸಣ್ಣ ಸುದ್ದಿ ಓದಿಸಿ, ಏನಾಯಿತು ಅಂತ ಕೇಳಿ, ಅಷ್ಟೇ.

ಇನ್ನು ಓಎಂಆರ್ ಹಾಳೆ, ಅಂದರೆ ಗೋಲ ತುಂಬಿ ಉತ್ತರ ಗುರುತಿಸುವ ಹಾಳೆ. ಮಕ್ಕಳು ಎಡವುವುದು ಇಲ್ಲೇ.

ಈ ಮಕ್ಕಳ ಕೈಗೆ ಪೆನ್ನು ಬಂದು ಎಷ್ಟು ದಿನ ಆಗಿರುತ್ತದೆ ಹೇಳಿ? ಇಷ್ಟು ವರ್ಷ ಪೆನ್ಸಿಲ್, ತಪ್ಪಾದರೆ ರಬ್ಬರ್. ಪರೀಕ್ಷೆಯಲ್ಲಿ ಒಮ್ಮೆಲೇ ನೀಲಿ ಇಲ್ಲವೆ ಕಪ್ಪು ಬಾಲ್ ಪೆನ್ನು. ಪೆನ್ಸಿಲ್ ಮುಟ್ಟುವಂತೆಯೇ ಇಲ್ಲ. ಹಾಗಾಗಿ ದಸರಾ ರಜೆ ಮುಗಿದ ಮೇಲೆ ಮನೆಯಲ್ಲೂ ಪೆನ್ಸಿಲ್ ಬಂದ್ ಮಾಡಿ. ಜೆಲ್ ಪೆನ್ನು ಬೇಡವೇ ಬೇಡ, ಅಂಗೈ ತಾಗಿದರೆ ಪಕ್ಕದ ಗೋಲಕ್ಕೆ ಹರಡುತ್ತದೆ.

ಓಎಂಆರ್ ಮಾದರಿ ಹಾಳೆಯನ್ನು ಹತ್ತಿಪ್ಪತ್ತು ಜೆರಾಕ್ಸ್ ಮಾಡಿಸಿ. ಮೊದಲ ವಾರ ಪ್ರಶ್ನೆ ಬೇಡ, ಬರೀ ಗೋಲ. ನೀವು ‘ಹನ್ನೆರಡು, ಸಿ’ ಅನ್ನಿ, ಮಗು ತುಂಬಲಿ. ಶುರುವಿನಲ್ಲಿ ಮಕ್ಕಳು ಗೋಲವನ್ನು ರಂಗೋಲಿ ಹಾಗೆ ತಿದ್ದುತ್ತಾ ಕೂರುತ್ತಾರೆ. ಒಂದಕ್ಕೆ ಹತ್ತು ಸೆಕೆಂಡ್ ಹಿಡಿದರೆ 80ಕ್ಕೆ ಹದಿಮೂರು ನಿಮಿಷ ಬರೀ ಬಣ್ಣ ಹಚ್ಚಲು ಹೋಯಿತು. ನಡುವಿನಿಂದ ಹೊರಕ್ಕೆ ಎರಡು ಸುತ್ತು, ಮುಗೀತು. ಮೂರು ನಾಲ್ಕು ಸೆಕೆಂಡಿಗೆ ಬರುವ ತನಕ ಮಾಡಿಸಿ.

ಎರಡನೇ ವಾರ ಎಡಗೈ. ಎಡಗೈ ತೋರುಬೆರಳು ಸಾಲಿನ ನಂಬರಿನ ಮೇಲೆ ಇರಬೇಕು, ಬಲಗೈ ತುಂಬಬೇಕು. ಸ್ಕೇಲ್ ಇಟ್ಟು ರೂಢಿ ಮಾಡಿಸುವ ಮೇಷ್ಟ್ರುಗಳಿದ್ದಾರೆ, ನಾನು ಒಪ್ಪುವುದಿಲ್ಲ. ಸ್ಕೇಲ್ ಜಾರುತ್ತದೆ, ಮರೆತೂ ಹೋಗುತ್ತದೆ. ಬೆರಳು ಎಲ್ಲಿ ಹೋಗುತ್ತದೆ? ಪ್ರಶ್ನೆಯ ನಂಬರನ್ನು ಮನಸ್ಸಿನಲ್ಲಿ ಹೇಳಿಕೊಂಡೇ ಗೋಲಕ್ಕೆ ಪೆನ್ನು ಇಡಬೇಕು.

ಮೂರನೇ ವಾರ ಬಿಡುವುದನ್ನು ಕಲಿಸಿ. ಹೌದು, ಬಿಡುವುದನ್ನೂ ಕಲಿಸಬೇಕು. ಬೇಕಂತಲೇ ನಡುವೆ ಎರಡು ಕಷ್ಟದ ಪ್ರಶ್ನೆ ಇಡಿ. ಬರದಿದ್ದರೆ ಪ್ರಶ್ನೆಪತ್ರಿಕೆಯಲ್ಲಿ ಆ ನಂಬರಿಗೆ ದೊಡ್ಡ ಸುತ್ತು ಹಾಕಲಿ. ಓಎಂಆರ್ ಹಾಳೆಯಲ್ಲಿ ಒಂದು ಚುಕ್ಕೆಯೂ ಬೇಡ, ಬೆರಳನ್ನು ಒಂದು ಸಾಲು ಕೆಳಗೆ ಇಳಿಸಲಿ. ಚಿತ್ರಗಳ ಭಾಗದಲ್ಲಿ ನಾಲ್ಕು ನಾಲ್ಕು ಪ್ರಶ್ನೆಯ ಹತ್ತು ಗುಂಪು ಇರುತ್ತವೆ. ಗುಂಪು ಮುಗಿದಾಗ ಒಮ್ಮೆ ನಿಂತು ನೋಡಲಿ: 4, 8, 12, 16, ಹಾಳೆಯಲ್ಲೂ ಅಲ್ಲೇ ಇದ್ದೇನಾ? ಸಾಲು ತಪ್ಪಿದ್ದರೂ ನಾಲ್ಕರಲ್ಲೇ ಸಿಕ್ಕಿಬೀಳುತ್ತದೆ, ನಲವತ್ತಕ್ಕೆ ಹೋಗುವುದಿಲ್ಲ.

‘ಎಲ್ಲ ಬಿಡಿಸಿ ಕೊನೆಗೆ ಒಟ್ಟಿಗೆ ತುಂಬು’ ಅನ್ನುವ ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ದೊಡ್ಡವರಿಗೆ ಸರಿ ಇರಬಹುದು. ಹತ್ತು ವರ್ಷದ ಮಗು ಗಂಟೆ ಹೊಡೆಯುವ ಹೊತ್ತಿಗೆ 30 ಗೋಲ ಬಾಕಿ ಇಟ್ಟುಕೊಂಡು ಅಳುತ್ತಾ ಕೂರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೊನೆಯ ಐದು ನಿಮಿಷದಲ್ಲಿ ಸುತ್ತು ಹಾಕಿದ್ದಕ್ಕೆಲ್ಲ ಒಂದು ಅಂದಾಜು ತುಂಬಲಿ. ಒಂದು ಸಾಲಿಗೆ ಒಂದೇ ಗೋಲ. ತಪ್ಪಾಗಿ ತುಂಬಿದರೆ ಅದನ್ನು ಮರೆತು ಮುಂದೆ ಹೋಗುವುದನ್ನೂ ಹೇಳಿಕೊಡಿ. ತಿದ್ದಲು ಹೋಗಿ ಹಾಳೆ ಹರಿದ ಮಕ್ಕಳಿದ್ದಾರೆ.

ಹಾಲ್ ಟಿಕೆಟ್ ಬಂದ ದಿನವೇ ಆ ರೋಲ್ ನಂಬರನ್ನು ನಾಲ್ಕಾರು ಸಲ ತುಂಬಿಸಿ. ಪರೀಕ್ಷೆ ಹೆಚ್ಚಾಗಿ ತೊಗರಿ ರಾಶಿಯ ಗಡಿಬಿಡಿಯಲ್ಲೇ ಬರುತ್ತದೆ. ಕರೆದುಕೊಂಡು ಹೋಗುವವರು ಯಾರು ಅಂತ ಹಿಂದಿನ ವಾರವೇ ಗೊತ್ತು ಮಾಡಿಕೊಳ್ಳಿ. ಕೇಂದ್ರ ತಾಲ್ಲೂಕು ಊರಿನಲ್ಲಿದ್ದರೆ ಮೊದಲ ಬಸ್ಸಿಗೇ ಹೊರಡಿ. ಒಂದು ಪುಟ ಬರೆದು ನೋಡಿದ ಎರಡು ಪೆನ್ನು ಜೇಬಿನಲ್ಲಿರಲಿ, ಹೊಸ ಪೆನ್ನು ಬೇಡ. ಕಂಪಾಸ್ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಪೆನ್ಸಿಲ್ ಕಣ್ಣಿಗೆ ಬಿದ್ದರೆ ಕೈ ತಾನಾಗಿಯೇ ಅದಕ್ಕೇ ಹೋಗುತ್ತದೆ.