ಹೊಸಬರಿಗೆ ಮಾರ್ಗದರ್ಶಿ: ಯುರೋಪಲ್ಲಿ ಗಡಿ ಇಲ್ಲ ಅಂತಾರಲ್ಲ, ಅದು ನಮಗೆಷ್ಟು?

ಜರ್ಮನಿಗೆ ಬಂದಿಳಿದ ವಾರಕ್ಕೇ ಯಾರಾದ್ರೂ ಹೇಳ್ತಾರೆ, "ಪರ್ಮಿಟ್ ಕಾರ್ಡ್ ಸಿಕ್ಕಿದ್ರೆ ಯುರೋಪೆಲ್ಲ ನಮ್ದೇ" ಅಂತ. ಹಂಗಲ್ಲ. ದಯವಿಟ್ಟು ಇದನ್ನ ಪೂರ್ತಿ ಓದಿ, ಆಮೇಲೆ ವಾಟ್ಸಾಪ್ ಗ್ರೂಪಲ್ಲಿ ಕೇಳಿ.

ಮೂರು ಬೇರೆ ಬೇರೆ

ಯುರೋಪಿಯನ್ ಯೂನಿಯನ್ 27 ದೇಶ, ಷೆಂಗೆನ್ (ಒಂದರಿಂದ ಇನ್ನೊಂದಕ್ಕೆ ದಾಟೋವಾಗ ಸಾಮಾನ್ಯವಾಗಿ ಗಡಿ ತಪಾಸಣೆ ಇಲ್ಲದ ದೇಶಗಳ ಗುಂಪು) 29, ಯುರೋ ದುಡ್ಡಿನ ಲೆಕ್ಕ ಇನ್ನೊಂದು. ಸ್ವಿಟ್ಜರ್ಲೆಂಡ್, ನಾರ್ವೆ ಷೆಂಗೆನ್ ಒಳಗಿವೆ, ಯೂನಿಯನ್ನಲ್ಲಿಲ್ಲ. ಐರ್ಲೆಂಡ್ ಯೂನಿಯನ್ನಲ್ಲಿದೆ, ಯುರೋನೂ ಇದೆ, ಆದ್ರೆ ಷೆಂಗೆನ್ ಅಲ್ಲ, ಅಲ್ಲಿಗೆ ಬೇರೆ ವೀಸಾ ಬೇಕು.

ಕೆಲಸ (ಇದನ್ನ ಎರಡು ಸಲ ಓದಿ)

ಯಾವ ದೇಶಕ್ಕಾದ್ರೂ ಹೋಗಿ ಕೆಲಸ ಮಾಡೋ ಹಕ್ಕು ಯೂನಿಯನ್ ನಾಗರಿಕರದ್ದು. ನಮ್ಮ ಪರ್ಮಿಟ್ ಇಟ್ಕೊಂಡು ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಓಡಾಡಬಹುದು ಅಷ್ಟೇ, ದುಡಿಯೋಕಾಗಲ್ಲ. ನನಗೆ ಇದು ಗೊತ್ತಿರಲಿಲ್ಲ, ಪಕ್ಕದ ದೇಶದ ಒಂದು ಕಂಪನಿ ಆಫರ್ ಕೊಟ್ಟಾಗ ಗಡಿನೇ ಇಲ್ವಲ್ಲ ಅಂತ ಇಲ್ಲಿ ರಾಜೀನಾಮೆ ಕೊಟ್ಟೆ, ಆಮೇಲೆ ನೋಡಿದ್ರೆ ಆ ಕಂಪನಿಗೆ ನನ್ನಂಥವರನ್ನ ಸ್ಪಾನ್ಸರ್ ಮಾಡೋ ಅನುಮತಿನೇ ಇಲ್ಲ, ಇಲ್ಲಿನ ಪರ್ಮಿಟ್ಟೂ ಹಳೇ ಕೆಲಸಕ್ಕೆ ಅಂಟಿಕೊಂಡಿದ್ದು. ಮೂರು ತಿಂಗಳು ಸಂಬಳ ಇಲ್ಲ, ಮಗಳಿಗೆ ಆಗ ಎರಡು ವರ್ಷ, ಊರಿಗೆ ಫೋನ್ ಮಾಡಿದಾಗ ಅಮ್ಮನ ಹತ್ರ ಎಲ್ಲಾ ಚೆನ್ನಾಗಿದೆ ಅಂತಿದ್ದೆ. ಕೂಟದ ಒಬ್ಬ ಅಕ್ಕ ದಿನಾ ಸಂಜೆ ಕೂತು ನನ್ನ ಅರ್ಜಿಗಳನ್ನ ಜರ್ಮನ್‌ನಲ್ಲಿ ಬರೆದುಕೊಟ್ರು. ಕೈಗೆ ಹೊಸ ದೇಶದ ಪರ್ಮಿಟ್ ಬರೋವರೆಗೂ ಹಳೇ ಕೆಲಸ ಬಿಡಬೇಡಿ.

ಬ್ಲೂ ಕಾರ್ಡ್ (ಹೆಚ್ಚು ಓದಿದ ಕೆಲಸಗಾರರಿಗೆ ಕೊಡೋ ಯೂನಿಯನ್ ಪರ್ಮಿಟ್) ಇದ್ದೋರಿಗೆ 12 ತಿಂಗಳಾದ್ಮೇಲೆ ಬೇರೆ ದೇಶಕ್ಕೆ ಹೋಗೋ ದಾರಿ ಸುಲಭ, ಆದ್ರೂ ಅಲ್ಲಿ ಹೋಗಿ ಒಂದು ತಿಂಗಳೊಳಗೆ ಹೊಸ ಅರ್ಜಿ ಹಾಕಬೇಕು. ಐದು ವರ್ಷ ಆದ್ಮೇಲೆ ಜರ್ಮನಿಯ ಕಾಯಂ ಪರ್ಮಿಟ್ ಮಾತ್ರ ಕೇಳಬೇಡಿ, "ದೌರ್‌ಆಫೆಂಟ್‌ಹಾಲ್ಟ್-ಇಯು" ಅನ್ನೋ ಯೂನಿಯನ್ ಮಟ್ಟದ ಕಾಯಂ ಪರ್ಮಿಟ್ಟನ್ನೂ ಕೇಳಿ, ಬೇರೆ ದೇಶಕ್ಕೆ ಹೋಗೋ ಯೋಚನೆ ಇದ್ರೆ ನೆರವಾಗೋದು ಅದೇ.

ಎಲ್ಲಿಗಾದ್ರೂ ಹೋಗಿ ದುಡಿಯೋ ಹಕ್ಕಿನ ಬೆಲೆ ಏನು ಅಂತ ಲಂಡನ್ನಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡಿದ್ದ ನಮ್ಮೋರನ್ನ ಕೇಳಿ. ಬ್ರಿಟನ್ 2020ರಲ್ಲಿ ಯೂನಿಯನ್ ಬಿಟ್ಟಿತು, ಆ ವರ್ಷದ ಕೊನೆಗೆ ಅವರ ಓಡಾಟದ ಹಕ್ಕೂ ಹೋಯ್ತು.

ದುಡ್ಡು

ಯುರೋ ಇರೋದು ನಮಗೆ ಲಾಭ, ಇಟಲಿಗೆ ಹೋದ್ರೂ ದುಡ್ಡು ಬದಲಾಯಿಸಬೇಕಿಲ್ಲ, ರೋಮಿಂಗ್ 2017ರಿಂದ ಎಕ್ಸ್‌ಟ್ರಾ ಇಲ್ಲ. ಆದ್ರೆ ಬಡ್ಡಿ ದರ ಎಲ್ಲ ಯುರೋ ದೇಶಗಳಿಗೂ ಒಂದೇ, ಫ್ರಾಂಕ್‌ಫರ್ಟ್‌ನ ಕೇಂದ್ರ ಬ್ಯಾಂಕ್ ನಿರ್ಧರಿಸುತ್ತೆ. 2010ರಲ್ಲಿ ಗ್ರೀಸ್ ಸಾಲದಲ್ಲಿ ಮುಳುಗಿದಾಗ ತನ್ನ ದುಡ್ಡಿನ ಬೆಲೆ ಇಳಿಸಿ ಉಸಿರಾಡೋಣ ಅಂದ್ರೆ ಅದಕ್ಕೆ ತನ್ನದೇ ದುಡ್ಡು ಇರಲಿಲ್ಲ, ಸಂಬಳ ಪಿಂಚಣಿ ಕಡಿತ ಮಾಡಬೇಕಾಯ್ತು. 2022-23ರಲ್ಲಿ ಅದೇ ಬ್ಯಾಂಕ್ ದರವನ್ನ ಮೈನಸ್‌ನಿಂದ ಶೇ 4ಕ್ಕೆ ಏರಿಸಿತು. ಮನೆ ಸಾಲ ಮಾಡೋರು ಬಡ್ಡಿ ಎಷ್ಟು ವರ್ಷ ಫಿಕ್ಸೆಡ್ ಅಂತ ಮೊದಲು ನೋಡಿ.

ಗಡಿ ದಾಟೋವಾಗ

ಪಾಸ್‌ಪೋರ್ಟ್, ಪರ್ಮಿಟ್ ಕಾರ್ಡ್ ಎರಡೂ ಇಟ್ಕೊಳ್ಳಿ, ಮಕ್ಕಳದ್ದೂ ಸೇರಿ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲಾ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿದೆ, ರೈಲಲ್ಲೂ ಕೇಳ್ತಾರೆ. ಫೋಟೋ ತೋರಿಸಿದ್ರೆ ಒಪ್ಪಲ್ಲ.

ಊರಿಂದ ತರೋದು

- ತುಪ್ಪ, ಪನೀರು, ಮಾಂಸ: ಬೇಡ
- ಕರಿಬೇವು, ಮಾವಿನಹಣ್ಣು: ಸರ್ಟಿಫಿಕೇಟ್ ಇಲ್ದೆ ಬೇಡ
- ತೆಂಗಿನಕಾಯಿ, ಬಾಳೆಹಣ್ಣು: ತರಬಹುದು