1.9 ಆದ್ಮೇಲೆ 1.10 ಬಿಟ್ಟು ಸಿಕ್ಕಾಕ್ಕೊಂಡಿದ್ದು

ಮಂಡ್ಯದಲ್ಲಿ ಬೆಲ್ಲದ ಮಂಡಿಗಳಿಗೆ ಒಂದು ಚಿಕ್ಕ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ಕೊಟ್ಟಿದೀನಿ, ಹತ್ತು ಹನ್ನೆರಡು ಅಂಗಡೀಲಿ ಓಡ್ತಿದೆ. ಶುರೂಲಿ ವರ್ಷನ್ನು ಗಿರ್ಷನ್ನು ಏನೂ ಇರ್ಲಿಲ್ಲ, ಫೋಲ್ಡರ್ ಹೆಸರೇ 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್' (ನಗ್ಬೇಡಿ, ನೀವೂ ಮಾಡಿರ್ತೀರ). ಯಾವ ಅಂಗಡೀಲಿ ಯಾವ್ದಿದೆ ಅಂತ ಗೊತ್ತಾಗ್ದೆ ಒದ್ದಾಡಿ ಆಮೇಲೆ 1.0, 1.1 ಅಂತ ವರ್ಷನ್ ನಂಬರ್ ಕೊಡಕ್ಕೆ ಶುರು ಮಾಡ್ದೆ.

1.9 ತನಕ ಆರಾಮ. 1.10 ಬಿಟ್ಟೆ ನೋಡಿ, ಒಂದು ಅಂಗಡೀಲೂ ಅಪ್‌ಡೇಟ್ ಆಗ್ಲಿಲ್ಲ. ಬಕೆಟ್ ಬೆಲ್ಲದ ತೂಕದ ಲೆಕ್ಕ ಸರಿ ಮಾಡಿದ್ದೇ ಅದ್ರಲ್ಲಿ, ಮಂಡಿ ಯಜಮಾನ್ರು ಫೋನ್ ಮಾಡಿ "ಏನಪ್ಪಾ, ಸರಿ ಮಾಡಿದೀನಿ ಅಂದೆ, ಇಲ್ಲಿ ಹಂಗೇ ಐತಲ್ಲ" ಅಂತಾರೆ. ಎರಡು ದಿನ ನೆಟ್‌ವರ್ಕ್ ಮೇಲೆ ಗೂಬೆ ಕೂರಿಸಿದ್ದೆ, ಕೊನೆಗೆ ನೋಡಿದ್ರೆ ತಪ್ಪು ನಂದೇ, ಹೊಸ ವರ್ಷನ್ ಬಂದಿದ್ಯಾ ಅಂತ ನೋಡಿ ಹಾಕ್ಕೊಳ್ಳೋ ಅಪ್‌ಡೇಟರ್‌ನಲ್ಲಿ ನಂಬರ್ರನ್ನ ಅಕ್ಷರದ ಥರ ಹೋಲಿಸ್ತಿದ್ದೆ, ಹಂಗೆ ನೋಡಿದ್ರೆ ಚುಕ್ಕಿ ಆದ್ಮೇಲಿನ 1 ಅನ್ನೋದು 9ಕ್ಕಿಂತ ಮುಂಚೆ, ಸೋ 1.10 ಹಳೇದು ಅಂತ ಅದು ಸುಮ್ನೆ ಕೂತಿತ್ತು. ದಶಮಾಂಶ ಅಂದ್ಕೊಂಡ್ರೂ ಅಷ್ಟೇ ಕಥೆ, 1.10 ಅಂದ್ರೆ 1.1 ಆಗೋಗತ್ತೆ. ಚುಕ್ಕಿ ಬರೀ ಬೇಲಿ ಇದ್ದಂಗೆ, ತುಂಡು ತುಂಡು ಬಿಡಿಸಿ ಒಂದೊಂದನ್ನೂ ಪೂರ್ಣಾಂಕ ಮಾಡಿ ಎಡದಿಂದ ಹೋಲಿಸ್ಕೊಂಡು ಬರ್ಬೇಕು. ಆದ್ರೆ ಸರಿ ಮಾಡಿದ ಅಪ್‌ಡೇಟರ್ ಹೋಗ್ಬೇಕಿರೋದೂ ಆ ಹಳೇ ಅಪ್‌ಡೇಟರ್ ಮೂಲಕವೇ ಅಲ್ವಾ, ಅದು 1.11 ಕೊಟ್ರೂ ಮುಟ್ಟಲ್ಲ, ಅದಕ್ಕೆ 2.0.0 ಅಂತ ಹೆಸರಿಟ್ಟು ಕಳಿಸ್ದೆ. 2 ಅನ್ನೋ ಅಷ್ಟು ಏನೂ ಬದಲಾಗಿರ್ಲಿಲ್ಲ, ಬೇರೆ ದಾರಿ ಇರ್ಲಿಲ್ಲ.

ಆಗಿಂದ ನಂಬರ್‌ಗೆ ಮೂರು ತುಂಡು. ಸೆಮ್ಯಾಂಟಿಕ್ ವರ್ಷನಿಂಗ್ ಅಂತಾರೆ, ಕೋಡ್ ಇಟ್ಟು ಹಂಚ್ಕೊಳ್ಳೋ ತಾಣ ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದಿಟ್ಟ ನಿಯಮ. ಬಗ್ (ಕೋಡ್‌ನಲ್ಲಿರೋ ತಪ್ಪು) ಮಾತ್ರ ಸರಿ ಮಾಡಿದ್ರೆ ಕೊನೇದು ಏರತ್ತೆ, ಹಳೇದು ಕೆಡದಂಗೆ ಹೊಸದೇನಾದ್ರೂ ಸೇರಿಸಿದ್ರೆ ಮಧ್ಯದ್ದು ಏರಿ ಕೊನೇದು ಸೊನ್ನೆ, ಹಳೇದಕ್ಕೆ ಹೊಂದ್ದೇ ಇರೋ ಬದಲಾವಣೆ ಆದ್ರೆ ಮೊದಲ್ನೇದು. ನನಗೆ ಆ ಮೊದಲ್ನೇದು ಅಂದ್ರೆ ಡೇಟಾ ಫೈಲು, ಹೊಸ ವರ್ಷನ್ ಬರೆದಿದ್ದನ್ನ ಹಳೇದು ಓದಕ್ಕಾಗ್ದಿದ್ರೆ ಮಾತ್ರ 3.

ಉಬುಂಟು ಅನ್ನೋ ಆಪರೇಟಿಂಗ್ ಸಿಸ್ಟಮ್‌ನಲ್ಲಿ 24.04 ಅಂದ್ರೆ 2024ರ ಏಪ್ರಿಲ್, ಹಂಗೆ ತಾರೀಖೇ ಇಡೋಣ ಅಂತಾನೂ ಯೋಚಿಸ್ದೆ. ಎಷ್ಟು ಹಳೇದು ಅಂತ ತಕ್ಷಣ ಗೊತ್ತಾಗತ್ತೆ ನಿಜ, ಆದ್ರೆ ಅಪ್‌ಡೇಟ್‌ಗೆ ಮುಂಚೆ ಬ್ಯಾಕಪ್ ತಗೋಬೇಕಾ ಬೇಡ್ವಾ ಅಂತ ಅದು ಹೇಳಲ್ಲ, ನಮ್ಮ ಮಂಡಿಗಳಿಗೆ ಬೇಕಿರೋದು ಅದೊಂದೇ. ಯಜಮಾನ್ರಿಗೆ "ಮೊದಲ್ನೇ ನಂಬರ್ ಬದಲಾದ್ರೆ ಮಾತ್ರ ನಂಗೊಂದು ಫೋನ್ ಮಾಡಿ ಅಣ್ಣ" ಅಂತ ಹೇಳಿದೀನಿ. 2.3.1 ಬಂದಾಗ್ಲೂ ಫೋನ್ ಬಂತು, ಇದ್ಕೆಷ್ಟು ಕಾಸು ಅಂತ.