ಶಿವನೇರಿ ಕೋಟೆ, ನಾಣೇಘಾಟ ಮತ್ತು ಜುನ್ನರದ ಒಬ್ಬ ಮಾರ್ಗದರ್ಶಕ: ನನ್ನ ಅನುಭವ

ಪುಣೆಯಿಂದ ಹೊರಟು ಒಂದೇ ದಿನದಲ್ಲಿ ಮೂರು ಕೋಟೆಗಳನ್ನು ತೋರಿಸಿ ರಾತ್ರಿ ಮನೆಗೆ ಬಿಡುತ್ತೇವೆ ಎನ್ನುವ ಪ್ರವಾಸದವರು ಬೇಕಾದಷ್ಟು ಸಿಗುತ್ತಾರೆ. ನಾವು ಅಂಥ ಪ್ರವಾಸವನ್ನು ಬಿಟ್ಟು, ಒಂದು ಕೋಟೆಯನ್ನೂ ಆ ಕೋಟೆ ಯಾವ ದಾರಿಯ ಸಲುವಾಗಿ ಹುಟ್ಟಿತೋ ಆ ಘಟ್ಟದ ದಾರಿಯನ್ನೂ ಮಾತ್ರ ನೋಡುವುದೆಂದು ಗೊತ್ತುಮಾಡಿಕೊಂಡು, ಅದಕ್ಕಾಗಿಯೇ ಒಬ್ಬ ಸ್ಥಳೀಯ ಮಾರ್ಗದರ್ಶಕರನ್ನು ಇಡೀ ದಿನಕ್ಕೆ ಗೊತ್ತು ಮಾಡಿದೆವು. ಕೋಟೆ ಶಿವನೇರಿ, ದಾರಿ ನಾಣೇಘಾಟ, ಎರಡೂ ಪುಣೆ ಜಿಲ್ಲೆಯ ಜುನ್ನರ ತಾಲ್ಲೂಕಿನವು. ಮನೆಯಿಂದ ನಾವು ನಾಲ್ವರು: ನಾನು, ನನ್ನ ಹೆಂಡತಿ, ಧಾರವಾಡದಿಂದ ಬಂದಿದ್ದ ನಮ್ಮ ತಾಯಿ ಮತ್ತು ಪಿಯುಸಿ ಓದುತ್ತಿರುವ ಅಣ್ಣನ ಮಗ.

ಮಾರ್ಗದರ್ಶಕರನ್ನು ಆರಿಸುವುದಕ್ಕೆ ನಾನು ಅನುಸರಿಸಿದ ಕ್ರಮವನ್ನು ಮೊದಲು ಹೇಳುತ್ತೇನೆ, ಏಕೆಂದರೆ ದಿನದ ಸಾರ್ಥಕತೆ ಮುಕ್ಕಾಲು ಪಾಲು ಅದರಲ್ಲೇ ಇರುತ್ತದೆ. ಪುಣೆಯಿಂದ ಜೊತೆಗೆ ಬರುವವರಿಗಿಂತ ಕೋಟೆಯ ಬುಡದ ಊರಿನವರೇ ಲೇಸು ಎಂಬುದು ನನ್ನ ಅಭಿಪ್ರಾಯ. ಯಾವ ಮೆಟ್ಟಿಲು ಜಾರುತ್ತದೆ, ಯಾವ ಹೊತ್ತಿನಲ್ಲಿ ಯಾವ ಬಂಡೆಯ ಕೆಳಗೆ ನೆರಳು ಬೀಳುತ್ತದೆ, ಜೇನುಹುಟ್ಟು ಈ ವರ್ಷ ಎಲ್ಲಿ ಕಟ್ಟಿದೆ ಎಂಬುದು ಅವರಿಗೆ ಮಾತ್ರ ತಿಳಿದಿರುತ್ತದೆ. ಫೋನಿನಲ್ಲಿ ಮಾತನಾಡಿದವರಿಗೆಲ್ಲ ನಾನು ಎರಡೇ ಪ್ರಶ್ನೆ ಕೇಳಿದೆ: ಮೇಲೆ ನೀರಿನ ವ್ಯವಸ್ಥೆ ಹೇಗಿತ್ತು, ವೈರಿ ಏರಿ ಬಂದರೆ ಅವನನ್ನು ಎಲ್ಲಿ ತಡೆಯುತ್ತಿದ್ದರು. ಇಬ್ಬರು ಕೂಡಲೇ ಮಹಾರಾಜರ ಶೌರ್ಯದ ವರ್ಣನೆಗೆ ತೊಡಗಿದರು, ಒಬ್ಬ ಯುವಕ ಮಾತ್ರ "ಬಾಗಿಲು ಏಳು ಇವೆ ಸಾಹೇಬರೇ, ಒಂದೊಂದರಲ್ಲೂ ನಿಂತು ನೋಡಬೇಕು, ನಿಮ್ಮ ಬಳಿ ಎಷ್ಟು ಹೊತ್ತು ಇದೆ?" ಎಂದು ತಿರುಗಿ ನನ್ನನ್ನೇ ಕೇಳಿದರು. ಅವರನ್ನೇ ಗೊತ್ತು ಮಾಡಿದೆ. ಹೊಲ ನೋಡಿಕೊಂಡು, ಬಿಡುವಿನ ದಿನಗಳಲ್ಲಿ ಈ ಕೆಲಸ ಮಾಡುವವರು. ಸಂಬಳ ಇಡೀ ದಿನಕ್ಕೋ ಒಂದು ಕೋಟೆಗೋ, ಮಧ್ಯಾಹ್ನದ ಊಟ ಯಾರ ಲೆಕ್ಕ, ನಮ್ಮ ಕಾರಿನಲ್ಲೇ ಅವರೂ ಕೂರುವುದೋ ಎಂಬುದನ್ನೆಲ್ಲ ಮೊದಲೇ ಮಾತಾಡಿಕೊಂಡದ್ದರಿಂದ ಸಂಜೆ ಕೈಗೆ ಹಣ ಕೊಡುವಾಗ ಮುಜುಗರವಾಗಲಿಲ್ಲ. ಅವರು ಮರಾಠಿಯಲ್ಲೇ ವಿವರಿಸುವವರು. ಧಾರವಾಡದ ನಮ್ಮ ತಾಯಿಗೆ ಅದು ತೊಡಕೇ ಅಲ್ಲ, ತೊಡಕಾದಲ್ಲಿ ನಾನಿದ್ದೆ.

ಪುಣೆಯಿಂದ ಜುನ್ನರಕ್ಕೆ ಸುಮಾರು 95 ಕಿ.ಮೀ. ನಾಸಿಕ್ ಹೆದ್ದಾರಿಯಲ್ಲಿ ಚಾಕಣದ ಕಾರ್ಖಾನೆಗಳ ಲಾರಿಗಳು ರಸ್ತೆಗಿಳಿಯುವ ಮೊದಲೇ ಆ ಊರನ್ನು ದಾಟಬೇಕು, ಇಲ್ಲವಾದರೆ ಬೆಳಗಿನ ತಂಪೆಲ್ಲ ಅಲ್ಲೇ ಕಳೆದುಹೋಗುತ್ತದೆ. ಭೋಸರಿಯನ್ನು ಕತ್ತಲಿರುವಾಗಲೇ ದಾಟಿ, ರಾಜಗುರುನಗರ, ಮಂಚರ, ನಾರಾಯಣಗಾವ್ ಹಾದು, ಎಂಟು ಗಂಟೆಯ ಹೊತ್ತಿಗೆ ಶಿವನೇರಿಯ ಬುಡದಲ್ಲಿದ್ದೆವು.

ಶಿವನೇರಿಗೆ ಹತ್ತುವುದು ಕಷ್ಟವಲ್ಲ. ಮೆಟ್ಟಿಲುಗಳು ಅಗಲವಾಗಿವೆ, ಅಲ್ಲಲ್ಲಿ ಕೂರಲು ಕಟ್ಟೆಗಳಿವೆ. ನಿಧಾನವಾಗಿ ಹತ್ತಿದರೆ ಮಂಡಿನೋವಿನ ಹಿರಿಯರೂ ಮೇಲೆ ತಲುಪಬಹುದು. ನಮ್ಮ ತಾಯಿ ಪ್ರತಿ ಬಾಗಿಲಲ್ಲೂ "ತಮ್ಮಾ, ಇಲ್ಲೆ ಸ್ವಲ್ಪ ಕೂಡೋಣಪಾ" ಎನ್ನುತ್ತಿದ್ದರು. ಮಾರ್ಗದರ್ಶಕರು ನಿಲ್ಲಿಸಿ ಹೇಳಬೇಕೆಂದಿದ್ದ ಜಾಗಗಳೂ ಅವೇ ಆಗಿದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಜುನ್ನರದ ಕಡೆಯಿಂದ ಸರಪಳಿ ಹಿಡಿದು ಹತ್ತುವ ಇನ್ನೊಂದು ದಾರಿಯೂ ಇದೆ. ಅದು ಬಂಡೆ ಹತ್ತಿ ರೂಢಿಯಿದ್ದವರಿಗೆ.

ಏಳು ಬಾಗಿಲುಗಳ ಹೆಸರು ಮಹಾದರವಾಜಾ, ಪೀರ್, ಪರವಾನಗಿ, ಹತ್ತಿ (ಮರಾಠಿಯಲ್ಲಿ ಆನೆ), ಶಿಪಾಯಿ, ಫಾಟಕ್ ಮತ್ತು ಕುಲಾಬಕರ್. ಹೆಸರುಗಳನ್ನು ನೆನಪಿಡುವುದಕ್ಕಿಂತ ಅವುಗಳ ನಡುವಿನ ದಾರಿಯನ್ನು ಗಮನಿಸಿ ಎಂದರು ಮಾರ್ಗದರ್ಶಕರು. ಎಲ್ಲಿಯೂ ದಾರಿ ನೆಟ್ಟಗೆ ಬಾಗಿಲಿಗೆ ಬಂದು ಮುಟ್ಟುವುದಿಲ್ಲ. ಬಾಗಿಲ ಮುಂದೆ ತಿರುವು, ಏರು, ಇಕ್ಕಟ್ಟು ಇವುಗಳಲ್ಲಿ ಒಂದಾದರೂ ಇರುತ್ತದೆ. ಆನೆಗೆ ಓಡಿಬಂದು ಕದ ಗುದ್ದಲು ಬೇಕಾದ ಬಯಲು ಸಿಗಬಾರದು, ತಿರುವಿನಲ್ಲಿ ನಿಧಾನಿಸಿದ ದಂಡಿನ ಮಗ್ಗುಲು ಮೇಲಿನ ಗೋಡೆಯವರಿಗೆ ಕಾಣಬೇಕು, ಒಂದು ಬಾಗಿಲು ಬಿದ್ದರೂ ಮುಂದಿನದು ಎದುರಾಗುವ ಹೊತ್ತಿಗೆ ಏರಿ ಬಂದವರ ಉಸಿರು ಕಟ್ಟಿರಬೇಕು. ಕದದೊಳಗಿನ ಸಣ್ಣ ದಿಡ್ಡಿ ಬಾಗಿಲೂ ಅದೇ ಲೆಕ್ಕಾಚಾರದ್ದು: ತಲೆ ತಗ್ಗಿಸಿ ಒಬ್ಬೊಬ್ಬನೇ ಒಳಬರಬೇಕಾದವನು ಕತ್ತಿ ಎತ್ತಲಾರ.

ಒಂದು ಬಾಗಿಲಿನಲ್ಲಿ ಅವರು ಅಣ್ಣನ ಮಗನನ್ನು ಕರೆದು, ಗೋಡೆಯಲ್ಲಿದ್ದ ಚೌಕಾಕಾರದ ತೂತಿನೊಳಗೆ ಕೈ ತೂರಿಸಲು ಹೇಳಿದರು. ತೋಳು ಹೋಗುವಷ್ಟು ಹೋಗಿ ಬೆರಳಿಗೆ ಗೋಡೆ ಸಿಗಲಿಲ್ಲ. ಎದುರು ಗೋಡೆಯ ತೂತಿಗೆ ಕೈ ಹಾಕಿದರೆ ಗೇಣುದ್ದಕ್ಕೆ ಕಲ್ಲು ತಾಗಿತು. ಬಾಗಿಲಿನ ಅಗುಳಿಯಾಗಿದ್ದ ದಪ್ಪ ತೊಲೆ ಹಗಲೆಲ್ಲ ಆಳದ ತೂತಿನಲ್ಲಿ ಅಡಗಿರುತ್ತಿತ್ತು, ಸಂಜೆ ಕದ ಮುಚ್ಚಿದ ಮೇಲೆ ಅದನ್ನು ಎಳೆದು ಎದುರಿನ ಗಿಡ್ಡ ತೂತಿಗೆ ಕೂರಿಸುತ್ತಿದ್ದರು. ಒಳಭಾಗದ ಕಲ್ಲು ತೊಲೆಯ ಉಜ್ಜಾಟದಿಂದ ನುಣುಪಾಗಿದೆ ಎಂದು ಹುಡುಗ ತಾನಾಗಿಯೇ ಹೇಳಿದ. ಚಿತ್ರದುರ್ಗದ ಬಾಗಿಲುಗಳನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೆ, ಆದರೆ ಗೋಡೆಯೊಳಗೆ ಕೈ ಹಾಕು ಎಂದು ಹೇಳುವವರು ಅಂದು ಯಾರೂ ಜೊತೆಗಿರಲಿಲ್ಲ.

ಐದನೆಯದಾದ ಶಿಪಾಯಿ ದರವಾಜಾ ದಾಟಿ ಬಲಕ್ಕೆ ಹೊರಳಿದರೆ ಶಿವಾಯಿ ದೇವಿಯ ಗುಡಿ. ಶಿವಾಜಿಗೆ ಆ ಹೆಸರು ಬಂದದ್ದು ಈ ದೇವಿಯಿಂದ ಎಂಬುದು ಪ್ರಚಲಿತ ನಂಬಿಕೆ. ಈ ಗುಡ್ಡದಲ್ಲಿ ಕೋಟೆಗಿಂತ ಬಹಳ ಹಿಂದಿನ, ಶಾತವಾಹನರ ಕಾಲದ ಬೌದ್ಧ ಗುಹೆಗಳೂ ಇವೆ. ನಮ್ಮ ದಿನದ ಎರಡನೆಯ ಭಾಗಕ್ಕೆ ಇದು ಪೀಠಿಕೆ ಎಂದು ಅವರು ಅಲ್ಲಿಯೇ ಹೇಳಿಬಿಟ್ಟರು.

ಕೊನೆಯ ಬಾಗಿಲು ದಾಟಿದೊಡನೆ ಎದುರಾಗುವುದು ಅಂಬರಖಾನಾ, ಎಂದರೆ ಕೋಟೆಯ ಧಾನ್ಯದ ಉಗ್ರಾಣ. ಚಾವಣಿ ಬಹುಪಾಲು ಬಿದ್ದುಹೋಗಿರುವ ಈ ಕಟ್ಟಡವನ್ನು ಹೆಚ್ಚಿನವರು ನಿಲ್ಲದೆ ದಾಟಿ ಮುಂದೆ ಹೋಗುತ್ತಾರೆ. 1673ರಲ್ಲಿ ಇಲ್ಲಿಗೆ ಬಂದಿದ್ದ ಜಾನ್ ಫ್ರೈಯರ್ ಎಂಬ ಇಂಗ್ಲಿಷ್ ವೈದ್ಯ, ಸಾವಿರ ಕುಟುಂಬಗಳಿಗೆ ಏಳು ವರ್ಷ ಸಾಕಾಗುವಷ್ಟು ದಾಸ್ತಾನು ಈ ಕೋಟೆಯಲ್ಲಿದೆ ಎಂದು ಬರೆದಿದ್ದಾನೆ. ಆಗ ಕೋಟೆ ಮೊಗಲರ ಕೈಯಲ್ಲಿತ್ತು. ತಾನು ಹುಟ್ಟಿದ ಈ ಕೋಟೆಯನ್ನು ಗೆಲ್ಲಲು ಶಿವಾಜಿ ಪ್ರಯತ್ನಿಸಿದರೂ ಅದು ಅವರ ಜೀವಮಾನದಲ್ಲಿ ಕೈಗೆ ಬರಲಿಲ್ಲ. ಮರಾಠರ ವಶವಾದದ್ದು 18ನೆಯ ಶತಮಾನದಲ್ಲಿ, ಶಿವಾಜಿಯ ಮೊಮ್ಮಗ ಶಾಹು ಕಾಲದಲ್ಲಿ. ಅಷ್ಟು ಬಾಗಿಲು, ಅಷ್ಟು ಧಾನ್ಯ, ಅಷ್ಟು ನೀರು ಇರುವ ಕೋಟೆಯನ್ನು ಮುತ್ತಿಗೆ ಹಾಕಿ ಹಸಿವಿನಿಂದ ಬಗ್ಗಿಸುವುದು ಆಗದ ಮಾತು ಎಂಬುದು ಆ ಉಗ್ರಾಣದ ಮುಂದೆ ನಿಂತಾಗ ಮನದಟ್ಟಾಗುತ್ತದೆ.

ನೀರನ್ನು ನೋಡಬೇಕಾದರೆ ಗಂಗಾ ಮತ್ತು ಜಮುನಾ ಎಂಬ ಕೊರೆದ ತೊಟ್ಟಿಗಳ ಬಳಿ ನಿಲ್ಲಬೇಕು. ಸಹ್ಯಾದ್ರಿ ಲಾವಾ ಪದರಗಳ ಮೇಲೆ ಲಾವಾ ಪದರ ಹರಿದು ಆದ ಬಸಾಲ್ಟ್ ಬೆಟ್ಟ. ಮಳೆನೀರು ಬಿರುಕುಗಳಲ್ಲಿ ಇಳಿದು ಎರಡು ಪದರಗಳ ಸಂದಿನಲ್ಲಿ ಒಸರುತ್ತದೆ. ಆ ಒಸರನ್ನು ಗುರುತಿಸಿ, ಬಂಡೆಯನ್ನು ಒಳಕ್ಕೆ ಕೊರೆದು, ಮೇಲಿನ ಬಂಡೆ ಕುಸಿಯದಂತೆ ಕಂಬಗಳನ್ನು ಬಿಟ್ಟು ತೊಟ್ಟಿ ಮಾಡುತ್ತಿದ್ದರು. ಬಿಸಿಲು ತಾಗದ್ದರಿಂದ ನೀರು ಆವಿಯಾಗುವುದು ಕಡಿಮೆ. ಕೊರೆದು ತೆಗೆದ ಕಲ್ಲು ಅಲ್ಲಿಯೇ ಗೋಡೆ ಕಟ್ಟಲು ಒದಗುವುದರಿಂದ ಹೊರುವ ಕೂಲಿಯೂ ಉಳಿಯುತ್ತದೆ. ಕೋಟೆ ಕಟ್ಟಿದವರಿಗಿಂತ ನೀರು ಹುಡುಕಿದವರು ಜಾಣರು ಎಂದು ನನಗನ್ನಿಸಿತು, ಆದರೆ ಅವರ ಹೆಸರು ಯಾವ ಫಲಕದ ಮೇಲೂ ಇಲ್ಲ.

1630ರ ಫೆಬ್ರವರಿ 19ರಂದು ಶಿವಾಜಿ ಹುಟ್ಟಿದರೆನ್ನುವ ಕಟ್ಟಡ, ಎದುರಿನ ಬಾದಾಮಿ ಕೊಳ, ಕಮಾನು ಮಸೀದಿ, ತಾಯಿಮಗನ ಪ್ರತಿಮೆಯಿರುವ ಶಿವಕುಂಜ, ಅಪರಾಧಿಗಳನ್ನು ಕೆಳಗೆ ನೂಕುತ್ತಿದ್ದರೆನ್ನುವ ಕಡೇಲೋಟದ ಅಂಚು, ಇವೆಲ್ಲ ಎಲ್ಲರೂ ನೋಡುವಂಥವು. ನಾವೂ ನೋಡಿದೆವು. ನಮ್ಮ ತಾಯಿ ಹುಟ್ಟಿದ ಕಟ್ಟಡದೊಳಗಿನ ತೊಟ್ಟಿಲಿಗೆ ಕೈಮುಗಿದು, "ಇವರ ಅಪ್ಪ ಎಲ್ಲಿದ್ದ?" ಎಂದು ಕೇಳಿದರು. ಕನ್ನಡಿಗರಿಗೆ ಇದು ನಿಜಕ್ಕೂ ಹತ್ತಿರದ ಪ್ರಶ್ನೆ. ಅಹ್ಮದನಗರದ ನಿಜಾಮಶಾಹಿ ಮುಗಿದ ಮೇಲೆ ಷಹಾಜಿ ಬಿಜಾಪುರದ ಸೇವೆಗೆ ಸೇರಿ, ರಣದುಲ್ಲಾ ಖಾನನ ಜೊತೆ ದಕ್ಷಿಣಕ್ಕೆ ದಂಡೆತ್ತಿ ಹೋಗಿ, ಬೆಂಗಳೂರನ್ನು ಜಹಗೀರಾಗಿ ಪಡೆದು ಅಲ್ಲಿ ನೆಲೆಸಿದರು. 1664ರಲ್ಲಿ ತೀರಿಕೊಂಡದ್ದು ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ, ಅವರ ಸಮಾಧಿ ಇರುವುದೂ ಅಲ್ಲಿಯೇ. ಹೊದಿಗೆರೆಯ ವಿಷಯ ಮಾರ್ಗದರ್ಶಕರಿಗೆ ಗೊತ್ತಿತ್ತು, ಆದರೆ ಅಲ್ಲಿಗೆ ಹೋಗುವುದು ಹೇಗೆ ಎಂದು ಅವರು ನನ್ನನ್ನು ಕೇಳಿ ಬರೆದುಕೊಂಡರು.

ಶಿವಾಜಿಗೂ ಒಂದೂವರೆ ಶತಮಾನ ಹಿಂದೆ ಜುನ್ನರದಲ್ಲಿ ಮಳೆಗಾಲ ಕಳೆದ ರಷ್ಯಾದ ವ್ಯಾಪಾರಿ ಅಫಾನಾಸಿ ನಿಕಿಟಿನನ ಪ್ರಸಂಗವನ್ನು ಇಳಿಯುವಾಗ ನಾನೇ ಹೇಳಿದೆ. ಮಾರಲೆಂದು ತಂದಿದ್ದ ಅವನ ಕುದುರೆಯನ್ನು ಇಲ್ಲಿನ ಬಹಮನಿ ಖಾನ ಕಿತ್ತುಕೊಂಡು, ಮತಾಂತರವಾದರೆ ಮಾತ್ರ ಮರಳಿಸುವುದಾಗಿ ಹೇಳಿದ್ದ. ಹೇಗೋ ಬಿಡಿಸಿಕೊಂಡು ಅವನು ಮುಂದೆ ಹೋದದ್ದು ನಮ್ಮ ಬೀದರಿಗೆ. ಜುನ್ನರದ ದುರ್ಗಕ್ಕೆ ಇಬ್ಬರು ಒಟ್ಟಿಗೆ ನಡೆಯಲಾಗದಷ್ಟು ಇಕ್ಕಟ್ಟಾದ ದಾರಿಯಿತ್ತೆಂದು ಅವನು ಬರೆದಿದ್ದಾನೆ. ಕುದುರೆ ವ್ಯಾಪಾರಿಯೊಬ್ಬ ಸಮುದ್ರದಿಂದ ಬೀದರಿಗೆ ಹೋಗುವಾಗ ಇಲ್ಲಿ ಏಕೆ ಸಿಕ್ಕಿಬೀಳಬೇಕು ಎಂಬುದಕ್ಕೆ ಉತ್ತರ ಮಧ್ಯಾಹ್ನದ ಪಯಣದಲ್ಲಿದೆ.

ಊಟ ಜುನ್ನರದಲ್ಲಿ. ಈ ಭಾಗದ ಮಾಸವಡಿಯನ್ನು ಬಿಡಬಾರದು: ಕಡಲೆಹಿಟ್ಟಿನ ಬೆಂದ ಹಾಳೆಯೊಳಗೆ ಎಳ್ಳು, ಕೊಬ್ಬರಿ, ಬೆಳ್ಳುಳ್ಳಿಯ ಹೂರಣವಿಟ್ಟು ಸುತ್ತಿ, ಬಿಲ್ಲೆಯಾಗಿ ಕತ್ತರಿಸಿ, ಖಾರದ ರಸದ ಜೊತೆ ಭಾಕರಿಗೆ ಬಡಿಸುತ್ತಾರೆ.

ಜುನ್ನರದಿಂದ ಪಶ್ಚಿಮಕ್ಕೆ ಸುಮಾರು 30 ಕಿ.ಮೀ. ಸಾಗಿದರೆ ಪಠಾರ, ಎಂದರೆ ಪ್ರಸ್ಥಭೂಮಿ, ಕೊನೆಗೊಂಡು ಕೊಂಕಣ ಕೆಳಗೆ ಕಾಣುವಲ್ಲಿ ನಾಣೇಘಾಟ. ಕಲ್ಯಾಣ, ಸೋಪಾರಾ ಬಂದರುಗಳ ಸರಕು ಘಟ್ಟ ಹತ್ತಿ ಜುನ್ನರಕ್ಕೂ ಮುಂದೆ ಪೈಠಣಕ್ಕೂ ಹೋಗುತ್ತಿದ್ದ ದಾರಿ ಇದು. ಹೋಗುವಾಗ ಮಾಣಿಕಡೋಹ ಜಲಾಶಯದ ಹಿನ್ನೀರಿನ ಆಚೆ ಹಡಸರ ಕೋಟೆ, ರಸ್ತೆಯ ಪಕ್ಕದಲ್ಲೇ ಚಾವಂಡ, ಕೊನೆಗೆ ಘಾಟಘರ ಹಳ್ಳಿಯ ಮೇಲೆ ಜೀವಧನ ಕಾಣಿಸುತ್ತವೆ. ಮಾರ್ಗದರ್ಶಕರು ಕಾರನ್ನು ಒಂದು ಏರಿನಲ್ಲಿ ನಿಲ್ಲಿಸಿ, ಹಿಂದೆ ಶಿವನೇರಿಯ ದಿಕ್ಕನ್ನೂ ಮುಂದೆ ಈ ಮೂರನ್ನೂ ಬೆರಳಿನಿಂದ ತೋರಿಸಿದಾಗ, ನಾಲ್ಕೂ ಒಂದೇ ದಾರಿಯ ಕಾವಲು ಎಂಬುದು ವಿವರಣೆಯಿಲ್ಲದೆ ತಿಳಿಯಿತು. 2025ರ ಜುಲೈಯಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠರ 12 ಕೋಟೆಗಳಲ್ಲಿ ಶಿವನೇರಿ ಒಂದು, ಉಳಿದ ಮೂರು ಅದರಲ್ಲಿಲ್ಲ. ಬರುವವರು ಶಿವನೇರಿಯೊಂದನ್ನೇ ನೋಡಿ ಹಿಂದಿರುಗುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಘಾಟಿನ ತುದಿಯಲ್ಲಿ ಒಂದು ದೊಡ್ಡ ಕಲ್ಲಿನ ಹಂಡೆಯಿದೆ, ಸುಂಕದ ನಾಣ್ಯಗಳನ್ನು ಅದರಲ್ಲಿ ಹಾಕಿಸುತ್ತಿದ್ದರೆಂದು ಪ್ರತೀತಿ. ತಾಯಿ ಮತ್ತು ನನ್ನ ಹೆಂಡತಿ ಅಲ್ಲಿಯೇ ಕುಳಿತರು. ನಾವು ಮೂವರು ಬಂಡೆಯ ಸೀಳಿನೊಳಗಿನ ಒರಟು ಮೆಟ್ಟಿಲಿಳಿದು ಗುಹೆಗೆ ಹೋದೆವು. ಗೋಡೆಯ ಮೇಲೆ ಶಾತವಾಹನರ ರಾಣಿ ನಾಗನಿಕೆಯ ಬ್ರಾಹ್ಮೀ ಶಾಸನ. ಯಜ್ಞಗಳಲ್ಲಿ ಕೊಟ್ಟ ಹಸು, ಕುದುರೆ, ಆನೆ, ಕಾರ್ಷಾಪಣವೆಂಬ ನಾಣ್ಯಗಳ ಲೆಕ್ಕ ಅದರಲ್ಲಿದೆ, ಭಾರತದ ಅತಿ ಹಳೆಯ ಅಂಕಿಗಳಲ್ಲಿ ಕೆಲವು ಉಳಿದಿರುವುದು ಈ ಲೆಕ್ಕದಲ್ಲೇ. ಹಿಂಬದಿಯ ಗೋಡೆಯಲ್ಲಿ ರಾಜಮನೆತನದವರ ಪ್ರತಿಮೆಗಳಿದ್ದವು, ಈಗ ಪಾದಗಳ ಗುರುತು ಮತ್ತು ಮೇಲೆ ಬರೆದ ಹೆಸರುಗಳಷ್ಟೇ. ಹೆಸರು ಬರೆದ ಶಾತವಾಹನ ಅರಸರ ಉಬ್ಬುಶಿಲ್ಪಗಳನ್ನು ನೋಡಬೇಕೆನ್ನುವವರು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಗೆ ಹೋಗಬೇಕು.

ಹೋಗುವವರಿಗೆ ಇನ್ನು ಕೆಲವು ಮಾತು. ನವೆಂಬರಿನಿಂದ ಜನವರಿಯ ಕೊನೆಯವರೆಗೆ ಒಳ್ಳೆಯ ಕಾಲ. ಫೆಬ್ರವರಿ 19ರ ಆಸುಪಾಸು ಶಿವಜಯಂತಿಯ ಜನಸಾಗರದಲ್ಲಿ ಬಾಗಿಲಲ್ಲಿ ನಿಂತು ನೋಡಲಾಗದು. ಮಳೆಗಾಲದ ವಾರಾಂತ್ಯಗಳಲ್ಲಿ ನಾಣೇಘಾಟದಲ್ಲೂ ಇದೇ ಪಾಡು. ಜೇನಿನ ದಾಳಿಯಾದ ಉದಾಹರಣೆಗಳಿರುವುದರಿಂದ ಅತ್ತರು, ಸೆಂಟು ಹಚ್ಚಿಕೊಂಡು ಹೋಗಬಾರದು, ಹೊಗೆ ಮಾಡಬಾರದು. ಕಾಲಿಗೆ ಹಿಡಿತವಿರುವ ಬೂಟು, ತಲೆಗೆ ಟೋಪಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಸಾಕು. ಮಾರ್ಗದರ್ಶಕರ ಸಂಬಳ ಕಾರಿನ ಬಾಡಿಗೆಯ ಅರ್ಧದಷ್ಟಾಯಿತು, ನಾಲ್ವರಿಗೆ ಹಂಚಿದರೆ ಅದು ಭಾರವಲ್ಲ. ಹಿಂದಿರುಗುವಾಗ ಬೆಳಕಿದ್ದರೆ ಚಾಕಣದ ಸಂಗ್ರಾಮದುರ್ಗಕ್ಕೆ ಅರ್ಧ ಗಂಟೆ ಕೊಡಬಹುದು. ಬೆಟ್ಟದ ಆಸರೆಯಿಲ್ಲದ ಈ ನೆಲಕೋಟೆಯನ್ನು ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳಾ 1660ರಲ್ಲಿ ಮೊಗಲ ಸೇನಾನಿ ಶಾಯಿಸ್ತಾ ಖಾನನ ದೊಡ್ಡ ಸೈನ್ಯದೆದುರು ಸುಮಾರು ಎರಡು ತಿಂಗಳು ಕಾದು ಹಿಡಿದಿದ್ದ, ಕೊನೆಗೆ ಮೊಗಲರು ಸುರಂಗ ತೋಡಿ ಬುರುಜನ್ನು ಸಿಡಿಸಬೇಕಾಯಿತು. ನಾವು ಅಲ್ಲಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು, ತಾಯಿಗೂ ದಣಿವಾಗಿತ್ತು. ಅದನ್ನು ಬೇರೊಂದು ಭಾನುವಾರದ ಬೆಳಗಿಗೆ ಇಟ್ಟುಕೊಂಡಿದ್ದೇವೆ.